ಚಪಾತಿ ಮಣೆಯ ಮೇಲೆ ತಿರುಗಿದ ದನಿ

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳವು. ಹೊಸಪೇಟೆಯಲ್ಲಿ ಆಗ ಬೆಳೆದವರಿಗೆ ಇದಕ್ಕಿಂತ ಹೆಚ್ಚಿನ ಗುರುತು ಹೇಳಬೇಕಾಗಿಲ್ಲ. ಬೆಳಿಗ್ಗೆ ಹಾಕಿಕೊಂಡ ಬಿಳಿ ಅಂಗಿ ಶಾಲೆ ಬಿಡುವಷ್ಟರಲ್ಲಿ ಕಾವಿಯಾಗಿರುತ್ತಿತ್ತು. ಬೇವಿನೆಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಒಣಹಾಕಿದ ಹಪ್ಪಳವೂ ಕೆಂಪು. ಸಂಡೂರಿನ ಗುಡ್ಡ ದಿನಕ್ಕಿಷ್ಟು ದಿನಕ್ಕಿಷ್ಟು ಎಂಬಂತೆ ನಮ್ಮ ಮನೆಯ ಮುಂದಿನಿಂದ ಹೋಗುತ್ತಿತ್ತು, ಹೋಗುವಾಗ ನಮ್ಮ ಮನೆಯನ್ನು ಒಮ್ಮೆ ಅಲುಗಾಡಿಸಿ ಹೋಗುತ್ತಿತ್ತು. ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಊಟಕ್ಕೆ ಕೂತಾಗ ಮಜ್ಜಿಗೆಯ ಮೇಲೆ ಏಳುವ ಸಣ್ಣ ಅಲೆ ನೋಡಿ, "ತುಂಬಿದ ಲಾರಿ", "ಖಾಲಿ ಲಾರಿ" ಎಂದು ಹೇಳುವುದೇ ನಮಗೊಂದು ಆಟ. ಸರಿಯಾಗಿ ಹೇಳಿದವರಿಗೆ ಒಂದು ಮಿರ್ಚಿ ಬಜ್ಜಿ ಹೆಚ್ಚಿಗೆ.

ಆ ನಡುಗುವ ಮನೆಯಲ್ಲಿ ನಾನು ಹೆದರುತ್ತಿದ್ದದ್ದು ಲಾರಿಗಳಿಗಲ್ಲ. ದೇವರ ಗೂಡಿನಲ್ಲಿದ್ದ ಒಂದು ಕಪ್ಪು ತಟ್ಟೆಗೆ.

ನಮ್ಮ ಅಜ್ಜ ನಾಟಕ ಕಂಪನಿಯಲ್ಲಿ ರಾಕ್ಷಸ ರಾಜನ ಪಾತ್ರ ಮಾಡುತ್ತಿದ್ದ. ನಾನು ಹುಟ್ಟುವ ಮೊದಲೇ ತೀರಿಕೊಂಡವನು. ಕಂಪ್ಲಿಯಲ್ಲಿ ಅವನು ಅಬ್ಬರಿಸಿದರೆ ಹೊಳೆಯ ಆಚೆ ದಂಡೆಯಲ್ಲಿ ಕಟ್ಟಿದ ಎತ್ತುಗಳು ಕಣ್ಣಿ ಹರಿಯುತ್ತಿದ್ದವಂತೆ. ದರೋಜಿಯಲ್ಲಿ ನಾಟಕವಾದಾಗ ಗುಡ್ಡದ ಕರಡಿಗಳು ಮೂರು ದಿನ ಕೆಳಗಿಳಿಯಲಿಲ್ಲವಂತೆ. ಇವನ್ನೆಲ್ಲ ಹೇಳುವಾಗ ದೊಡ್ಡವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಮನೆಯಲ್ಲಿ ಅವನದು ಇದ್ದದ್ದು ಒಂದೇ ಫೋಟೋ. ಅದರಲ್ಲೂ ಮುಖಕ್ಕೆ ಬಣ್ಣ, ಬಾಯಿಗೆ ಕೋರೆಹಲ್ಲು. "ಈ ಮಾರಿಗೆ ಹ್ಯಾಂಗ ಹೂವಿನ ಹಾರ ಹಾಕ್ಲಿ?" ಎಂದು ಅಜ್ಜಿ ಅದನ್ನು ಟ್ರಂಕಿನ ತಳಕ್ಕೆ ಸೇರಿಸಿ, ಅವನ ದನಿ ಇದ್ದ ಗ್ರಾಮಫೋನ್ ರೆಕಾರ್ಡನ್ನೇ ದೇವರ ಗೂಡಿನಲ್ಲಿ ನಿಲ್ಲಿಸಿದ್ದಳು. ಕಂಪನಿ ಚೆನ್ನಾಗಿ ನಡೆಯುತ್ತಿದ್ದಾಗ ಮದ್ರಾಸಿಗೆ ಕರೆದುಕೊಂಡು ಹೋಗಿ ಅವನ ಮಾತುಗಳನ್ನು ಅದರಲ್ಲಿ ತುಂಬಿಸಿದ್ದರಂತೆ. ನುಡಿಸುವ ಪೆಟ್ಟಿಗೆ ಎಂದೋ ಕೈಬಿಟ್ಟು ಹೋಗಿತ್ತು. ಗೇಣಗಲದ ಆ ತಟ್ಟೆ ಮಾತ್ರ ಉಳಿದಿತ್ತು.

ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅಜ್ಜಿ ಆ ತಟ್ಟೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಲೋಬಾನದ ಹೊಗೆ ಹಿಡಿಯುತ್ತಿದ್ದಳು. ಹೋದ ವರ್ಷದ್ದರ ಮೇಲೆ ಈ ವರ್ಷದ್ದು. ಗೆರೆಗಳೆಲ್ಲ ತುಂಬಿ ಕಪ್ಪು ತಟ್ಟೆ ಒಲೆಯ ಬೂದಿಯ ಬಣ್ಣಕ್ಕೆ ಬಂದಿತ್ತು. ಹಿರಿಯರಿಗೆ ವಿಭೂತಿ ಹಚ್ಚದೆ ಬಿಡುವುದುಂಟೆ? ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ಆ ವರ್ಷದ ಅಮಾವಾಸ್ಯೆಯ ಊಟದಲ್ಲಿ ಅಜ್ಜಿ ಇದ್ದಕ್ಕಿದ್ದಂತೆ ಕೇಳಿದಳು. ಅವಳ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಹೋಗುತ್ತಿತ್ತು.

"ಮಲ್ಲ್ಯಾ, ಈ ಕಿವಿನೂ ಮುಚ್ಚೋದ್ರಾಗ ನಿಮ್ಮಪ್ಪನ ದನಿ ಒಂದ್ಸಲ ಕೇಳಸ್ತಿಯೇನೋ?"

ಮಲ್ಲಣ್ಣ ಕಾಕಾ ಹೋಳಿಗೆ ಬಾಯಲ್ಲಿಟ್ಟುಕೊಂಡೇ ಕೂತ. ಅವನು ನಮ್ಮಪ್ಪನ ತಮ್ಮ. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದ. ಅವನ ಮೈಯೆಲ್ಲ ಸದಾ ವಾರ್ನಿಷ್ ವಾಸನೆ.

"ಹಚ್ಚಾಕ ಪೆಟ್ಟಿಗಿ ಎಲ್ಲೈತವ್ವಾ?"

"ಇಲ್ಲಂದ್ರ ಮಾಡು. ಊರಾಗಿನ ಮೋಟರೆಲ್ಲಾ ತಿರುಗಿಸ್ತಿ. ನಿಮ್ಮಪ್ಪನ್ನ ತಿರುಗಸಾಕ ಬರಲ್ಲೇನು?"

ಎಲ್ಲರೂ ನಕ್ಕರು. ನಾನು ಅಜ್ಜಿಯ ಎಡಗಿವಿಗೆ ಬಾಯಿಟ್ಟು ಕೇಳಿದೆ, "ಅಜ್ಜಿ, ಅದ್ರಾಗ ಅಜ್ಜ ಏನಂತಾನ?"

"ಕರೀತಾನ," ಎಂದಳು ಅಜ್ಜಿ.

"ಯಾರನ್ನ?"

ಕೇಳಿಸಲಿಲ್ಲವೋ, ಕೇಳಿಸದಂತೆ ಮಾಡಿದಳೋ, ಎದ್ದು ಕೈ ತೊಳೆಯಲು ಹೋದಳು.

ನಮ್ಮ ಪಕ್ಕದ ಮನೆ ಹಂಪವ್ವನದು. ಅವಳ ಬಾಗಿಲಿನ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿತ್ತು. ಮನೆಯವರ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತದೆ, ಮರುದಿನ ಬಂದು ಮತ್ತೆ ಓದಿ ಮತ್ತೆ ಹೋಗುತ್ತದೆ. ಕಾಕಾ ಪೆಟ್ಟಿಗೆ ಮಾಡುವ ಸುದ್ದಿ ನಾನೇ ಅವಳಿಗೆ ಹೇಳಿದೆ. ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳ ಕೈ ನಿಂತಿತು.

"ಸತ್ತವ್ರು ಕರದ್ರ ಓ ಅನಬಾರ್ದು, ಗಿರಿಜಿ. ಓ ಅಂದ್ರ ಹೋದಂಗ. ಇಷ್ಟು ವರ್ಷ ವಿಭೂತಿ ಹಚ್ಚಿ ಕಟ್ಟಿಟ್ಟಿದ್ಳು ನಿಮ್ಮಜ್ಜಿ. ಅದನ್ನ ತೊಳದ್ರ ಕಟ್ಟು ಬಿಚ್ಚಿದಂಗ ಆತಲ್ಲವ್ವಾ."

ಅಂದಿನಿಂದ ನನಗೆ ಊಟ ಸೇರಲಿಲ್ಲ. ಅಜ್ಜ ಅಜ್ಜಿಯನ್ನು ಕರೆಯುತ್ತಾನೆ. ಅಜ್ಜಿ ಓ ಅನ್ನುತ್ತಾಳೆ. ಆಮೇಲೆ ಅಜ್ಜಿ ಇರುವುದಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚುವವಳು, ಅವ್ವ ಹೊಡೆಯಲು ಬಂದರೆ ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುವವಳು, ಸಂತೆಯ ಮಂಡಕ್ಕಿ ಒಗ್ಗಾಣಿಯ ಪೊಟ್ಟಣದಲ್ಲಿ ಶೇಂಗಾ ಎಲ್ಲ ಆರಿಸಿ ನನಗೇ ಕೊಡುವವಳು. ಲೆಕ್ಕ ಅಷ್ಟು ಸರಳವಾಗಿತ್ತು. ಅಷ್ಟು ಸರಳವಾಗಿದ್ದದ್ದಕ್ಕೇ ಅದರಿಂದ ತಪ್ಪಿಸಿಕೊಳ್ಳುವ ದಾರಿ ಕಾಣುತ್ತಿರಲಿಲ್ಲ.

ಕಾಕಾ ಮಾತ್ರ ಕೆಲಸಕ್ಕೆ ಇಳಿದುಬಿಟ್ಟಿದ್ದ. ಮರಿಯಮ್ಮನಹಳ್ಳಿಯ ಗ್ಯಾರೇಜಿನಿಂದ ಲಾರಿಯ ಸವೆದ ಬೇರಿಂಗು ತಂದು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಟೇಬಲ್ ಫ್ಯಾನಿನ ಮೋಟರು ಬಿಚ್ಚಿದ. ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ, ಮೋಟರಿಗೆ ಸಿಕ್ಕಿಸಿದ ದಾರದ ಖಾಲಿ ರೀಲಿನಿಂದ ಬೇರಿಂಗಿಗೆ ಪಟ್ಟಿ ಹಾಕಿದ. ಗುಜರಿ ಅಂಗಡಿಯಲ್ಲಿ ಒಂದು ಮುರಿದ ಪ್ಲೇಯರಿನ ತಲೆ, ಅದರಲ್ಲಿ ಇನ್ನೂ ಮೂಗು ಸವೆಯದ ಸೂಜಿ ಸಿಕ್ಕಿತು. ರೇಡಿಯೋದ ಏರಿಯಲ್ಲೇ ಅದಕ್ಕೆ ತೋಳು. ತೋಳಿನ ಹಿಂಬದಿಗೆ ಭಾರಕ್ಕೆಂದು ಲಾರಿಯ ಒಂದು ನಟ್ಟು. ಇವೆಲ್ಲವನ್ನೂ ಒಂದು ಮರದ ಪೆಟ್ಟಿಗೆಯ ಮೇಲೆ ಕೂಡಿಸಿದ. ರೆಕಾರ್ಡು ಕೂರಲು ಒಂದು ದುಂಡನೆಯ ಹಲಗೆ ಬೇಕಿತ್ತು.

ಅವ್ವನ ಚಪಾತಿ ಮಣೆ ಕಾಣೆಯಾದದ್ದು ಹಾಗೆ.

"ಮಲ್ಲಣ್ಣಾ, ಮಣಿ ಕಾಲು ಕೊಯ್ದೀರಲ್ಲ! ಚಪಾತಿ ನಿಮ್ಮ ಬೆನ್ನ ಮ್ಯಾಲ ಲಟ್ಟಿಸ್ಲಿ?"

"ಭಾಳ ಮಸ್ತ್ ಆದಾವು ನೋಡು ಅತ್ತಿಗಿ, ವಾರ್ನಿಷ್ ಹಚ್ಚಿದ ಚಪಾತಿ!"

"ನಗಬ್ಯಾಡ್ರಿ. ಜಲ್ದಿ ಬ್ಯಾರೆ ಮಣಿ ತಂದು ಕೊಡ್ರಿ."

ಮಣೆಯ ಅಂಚಿಗೆ ಹುಣಸೆ ಬೀಜ ಅಂಟಿಸಿ, ಕಾಕಾ ಗಡಿಯಾರ ಹಿಡಿದು ಕೂರುತ್ತಿದ್ದ. ಬೀಜ ಕಣ್ಣೆದುರು ಹಾದಾಗಲೆಲ್ಲ ನಾನು ಎಣಿಸಬೇಕು. ಜೋರಾದರೆ ಸಣಕಲು ದನಿ, ನಿಧಾನವಾದರೆ ದಪ್ಪ ದನಿ ಎಂದು ಅವನು ಹೇಳಿಕೊಟ್ಟ. ಆ ಎಣಿಕೆಯಲ್ಲಿ ನನಗೆ ಖುಷಿಯೂ ಇತ್ತು ಎಂದರೆ ನೀವು ನಂಬಬೇಕು. ಮಣೆ ನುಣ್ಣಗೆ ತಿರುಗುತ್ತಿದ್ದರೆ ನೋಡುತ್ತಲೇ ಇರಬೇಕೆನಿಸುತ್ತಿತ್ತು. ಅದು ಯಾತಕ್ಕೆ ತಿರುಗುತ್ತಿದೆ ಎಂದು ನೆನಪಾದೊಡನೆ ಎಣಿಕೆ ತಪ್ಪುತ್ತಿತ್ತು.

ಮೊದಲ ಪರೀಕ್ಷೆ ಗುಜರಿಯಲ್ಲಿ ಸಿಕ್ಕ ಯಾವುದೋ ಸಿನಿಮಾ ಹಾಡಿನ ರೆಕಾರ್ಡಿನ ಮೇಲೆ. ಸೂಜಿಯ ತಂತಿ ಕೂಡಿಸಿ ಪೆಟ್ಟಿಗೆಯೊಳಗೆ ಇಟ್ಟಿದ್ದ ಹಳೆಯ ಟೇಪ್ ರೆಕಾರ್ಡರಿನ ಡಬ್ಬಿಯಿಂದ ಒಬ್ಬ ಹೆಂಗಸು ಇಂಪಾಗಿ ಹಾಡತೊಡಗಿದಳು. ಕಾಕಾ ನನ್ನ ಬೆನ್ನು ತಟ್ಟಿದ. ಅಷ್ಟರಲ್ಲಿ ಕಾಲುವೆ ಕಡೆಯ ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಟ್ಟಿರಬೇಕು, ಗೋಡೆಯ ಬಲ್ಬು ಕೆಂಪಗಾಯಿತು. ಹೆಂಗಸಿನ ದನಿ ಇಳಿಯಿತು. ಇಳಿದು ಇಳಿದು ಗಂಡಸಿನದಾಯಿತು, ಆಮೇಲೆ ಮನುಷ್ಯರದಲ್ಲದ್ದಾಯಿತು, ಬಾವಿಯ ತಳದಿಂದ ಯಾರೋ ಬಾಯಿ ಅಗಲಿಸಿ ನರಳಿದಂತೆ. ನಾನು ಓಡಿ ಹೋಗಿ ಜೋಳದ ಚೀಲಗಳ ಹಿಂದೆ ಕೂತುಬಿಟ್ಟೆ. ಹೆಂಗಸಿನ ದನಿಯೇ ಹೀಗಾದರೆ ರಾಕ್ಷಸನದು ಏನಾದೀತು?

"ಲೇ ಗಿರಿಜಿ, ಓಲ್ಟೇಜ್ ಕಡಿಮಿ ಆಗೇತಿ ಅಷ್ಟ! ಬಾ ಹೊರಗ."

"ಅಜ್ಜನ್ನ ಹಚ್ಚಬ್ಯಾಡ ಕಾಕಾ."

"ಯಾಕಲೇ?"

ಹೇಳಿದರೆ ಆಗಿಬಿಡುತ್ತದೆ ಎನ್ನುವ ಹೆದರಿಕೆ. ಅವನು ಅಂಗಡಿಗೆ ಹೋದ ಮೇಲೆ ಒಂದು ಮೊಳೆ ತೆಗೆದುಕೊಂಡು, ಆ ಮರದ ಪೆಟ್ಟಿಗೆಯ ಮಗ್ಗುಲಿಗೆ, ಸೊಟ್ಟಂಬಟ್ಟ ಅಕ್ಷರಗಳಲ್ಲಿ, ಒತ್ತಿ ಒತ್ತಿ ಕೆತ್ತಿದೆ: ನಾಳೆ ಬಾ.

ಮರುದಿನ ಕಾಕಾ ಅದನ್ನು ನೋಡಿದ. ಬೈಯುತ್ತಾನೆಂದು ಕಾದೆ. ಅವನು ನನ್ನ ಮುಖ ನೋಡಿ, ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿ, ಪೆಟ್ಟಿಗೆಗೆ ವಾರ್ನಿಷ್ ಬಳಿದ. ಅಕ್ಷರಗಳು ಇನ್ನಷ್ಟು ಹೊಳೆದವು.

ಪೆಟ್ಟಿಗೆ ತಯಾರಾದರೂ ರೆಕಾರ್ಡು ಹಚ್ಚಲಾಗಲಿಲ್ಲ. ಲಾರಿ ಹಾದಾಗಲೆಲ್ಲ ಮನೆ ನಡುಗಿ ಸೂಜಿ ಎಗರುತ್ತಿತ್ತು. ಸಿನಿಮಾ ರೆಕಾರ್ಡಿನ ಮೇಲೆ ಅದು ಅಡ್ಡಡ್ಡ ಗೀರು ಎಳೆದದ್ದನ್ನು ಅಜ್ಜಿ ಬೆರಳಿನಿಂದ ಮುಟ್ಟಿ ನೋಡಿದಳು. ಅವಳಿಗೂ ಹೆದರಿಕೆ ಇತ್ತೆಂದು ನನಗೆ ಗೊತ್ತಾದದ್ದು ಆಗ. ಇದ್ದದ್ದು ಒಂದೇ ತಟ್ಟೆ. ಸೂಜಿ ಕೊರೆದುಹಾಕಿದರೆ ಅಜ್ಜ ಎರಡನೆಯ ಸಲ ಹೋದಂತೆ.

"ಲಾರಿ ನಿಂತ ದಿನ ಹಚ್ಚೂಣು," ಎಂದಳು.

"ಲಾರಿ ಯಾವಾಗ ನಿಂತಾವವ್ವಾ?"

"ಆಯುಧ ಪೂಜಿ ದಿನ."

ಅಲ್ಲಿಯವರೆಗೆ ನಾನು ಲಾರಿಗಳನ್ನೇ ನಂಬಿಕೊಂಡಿದ್ದೆ.

ಆಯುಧ ಪೂಜೆಯ ದಿನ ಬಂತು. ಹಾಗೊಂದು ಮೌನವನ್ನು ಹೊಸಪೇಟೆಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ರಸ್ತೆಯ ಎರಡೂ ಬದಿಗೆ ಲಾರಿಗಳು ಮೈ ತೊಳೆದುಕೊಂಡು, ಬಾಳೆಕಂದು ಕಟ್ಟಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು ನಿಂತಿದ್ದವು. ಚಕ್ರಗಳ ಕೆಳಗೆ ಒಡೆದ ನಿಂಬೆಹಣ್ಣು, ಕುಂಬಳಕಾಯಿ. ಗಾಳಿಯಲ್ಲಿ ಧೂಳಿನ ಬದಲು ಕರ್ಪೂರ. ಅಕ್ಕಿ ಗಿರಣಿ ಬಂದ್, ವರ್ಕ್‌ಶಾಪು ಬಂದ್. ಬಲ್ಬು ಬೆಳ್ಳಗೆ, ನೆಟ್ಟಗೆ ಉರಿಯುತ್ತಿತ್ತು. ಲೋಟಗಳು ಸುಮ್ಮನಿದ್ದವು.

ಅವ್ವ ಕುಂಕುಮದ ಬಟ್ಟಲು ಹಿಡಿದು ಪೆಟ್ಟಿಗೆಯ ಹತ್ತಿರ ಬಂದಳು. ಪೂಜೆ ಮಾಡಿದ ಯಂತ್ರವನ್ನು ಆ ದಿನ ತಿರುಗಿಸಬಾರದು. ನನಗೆ ಜೀವ ಬಂದಂತಾಯಿತು.

"ಅದಕ್ಕ ಹಚ್ಚಬ್ಯಾಡ," ಎಂದಳು ಅಜ್ಜಿ.

"ಮಿಷನ್ ಅಲ್ಲೇನತ್ತಿ ಅದು?"

"ಇನ್ನೂ ಎಲ್ಲಿ ಮಿಷನ್ ಆಗೇತಿ? ಇವತ್ತಿಗೆ ಅದು ನಿನ್ನ ಚಪಾತಿ ಮಣಿ. ನುಡಿದ ಮ್ಯಾಲ ಪೂಜಿ ಮಾಡಿಯಂತ."

ಅವ್ವನಿಗೆ ನಗು ತಡೆಯಲಾಗಲಿಲ್ಲ. ಹೀಗೆ ನನ್ನ ಕೊನೆಯ ಆಸರೆಯೂ ಹೋಯಿತು.

ಅಜ್ಜಿ ಗೂಡಿನಿಂದ ತಟ್ಟೆ ಇಳಿಸಿ, ಅಂಟುವಾಳದ ನೊರೆಯಲ್ಲಿ, ತನ್ನ ಹಳೆಯ ಸೀರೆಯ ಚೂರಿನಿಂದ ತೊಳೆಯತೊಡಗಿದಳು. ಎಳೆಗೂಸಿಗೆ ನೀರು ಹಾಕುವ ಹಾಗೆ, ಅಂಗೈ ಮೇಲೆ ಮಲಗಿಸಿಕೊಂಡು. ಬೋಗುಣಿಯ ನೀರು ಬೆಳ್ಳಗಾಯಿತು. ಎಷ್ಟೋ ಅಮಾವಾಸ್ಯೆಗಳ ವಿಭೂತಿ ಬಿಟ್ಟಿತು. ಕಟ್ಟು ಬಿಚ್ಚಿತು, ಎಂದುಕೊಂಡೆ. ಹಂಪವ್ವ ನಮ್ಮ ಹೊಸ್ತಿಲ ಹೊರಗೇ ನಿಂತಿದ್ದಳು. "ಒಳಗ ಬರ್ರಿ, ಕುಂದ್ರಿ" ಎಂದು ಅವ್ವ ಕರೆದರೂ ಬರಲಿಲ್ಲ, ಹೋಗಲೂ ಇಲ್ಲ.

ನಾನು ಅಜ್ಜಿಗೆ ಅಂಟಿ ಕೂತೆ. ಯಾರೂ ನೋಡದ ಹಾಗೆ ಅವಳ ಸೆರಗಿನ ತುದಿಯನ್ನು ನನ್ನ ಲಂಗದ ಲಾಡಿಗೆ ಗಂಟು ಹಾಕಿದೆ. ಒಂದರ ಮೇಲೊಂದು, ಹಲ್ಲಿನಿಂದ ಎಳೆದು ಬಿಗಿದೆ. ಕರೆದುಕೊಂಡು ಹೋಗುವುದಾದರೆ ನನ್ನನ್ನೂ ಎಳೆದುಕೊಂಡೇ ಹೋಗಬೇಕು.

ಮಣೆ ತಿರುಗಿತು. ಕಾಕಾ ಸೂಜಿ ಇಳಿಸಿದ.

ಮೊದಲು ಬಂದದ್ದು ಬಾಣಲೆಯಲ್ಲಿ ಕಡಲೆ ಹುರಿದಂಥ ಸದ್ದು. ತೊಳೆದರೂ ಗೆರೆಗಳಲ್ಲಿ ಉಳಿದಿದ್ದ ವಿಭೂತಿಯನ್ನು ಸೂಜಿ ಎಬ್ಬಿಸುತ್ತಿತ್ತು. ಬೀಸುವ ಕಲ್ಲಿನ ಬದಿಗೆ ಹಿಟ್ಟು ಉದುರುವ ಹಾಗೆ ಅದರ ಮೂಗಿನ ಮುಂದೆ ಬಿಳಿ ಪುಡಿ ಕೂಡತೊಡಗಿತು. ಕಾಕಾ ಉಸಿರು ಬಿಗಿಹಿಡಿದು ಬಾಗಿ ಉಫ್ ಎಂದು ಊದಿದ. ಅಜ್ಜಿಗೆ ಏನೂ ಕೇಳಿಸುತ್ತಿರಲಿಲ್ಲ. ಅವಳು ಕಿವಿಗೆ ಕೈಯಾನಿಸಿದಳು, ಮುಂದೆ ಸರಿದಳು, ಕೊನೆಗೆ ತನ್ನ ಗದ್ದವನ್ನೇ ಪೆಟ್ಟಿಗೆಯ ಅಂಚಿಗೆ ಒತ್ತಿಟ್ಟು ಕಣ್ಣು ಮುಚ್ಚಿದಳು.

ಆ ಹುರಿಯುವ ಸದ್ದಿನ ಒಳಗಿಂದ ಅವನು ಬಂದ.

"ಎಲೌ ರಾಣೀ! ಎಲ್ಲಿರುವೆ? ನಿನ್ನ ದೊರೆ ಕರೆಯುತ್ತಿದ್ದಾನೆ, ಬಾ!"

ಎತ್ತು ಕಣ್ಣಿ ಹರಿದದ್ದು ಸುಳ್ಳಲ್ಲ ಎನಿಸಿತು. ಹೊಸ್ತಿಲ ಹೊರಗೆ ಹಂಪವ್ವ "ಶಿವಶಿವಾ" ಎಂದಳು. ನಾನು ಹಾರಿ ಎರಡೂ ಕೈಯಿಂದ ಅಜ್ಜಿಯ ಬಾಯಿ ಮುಚ್ಚಲು ಹೋದೆ. ಅಷ್ಟರಲ್ಲಿ ದನಿ ನಿಂತು ಬರೀ ಹಾರ್ಮೋನಿಯಂ ರಾಗ ಎಳೆಯುತ್ತಿತ್ತು. ಆ ಸಂದಿಯಲ್ಲಿ ಅಜ್ಜಿ, ನಾನು ಎಂದೂ ಕೇಳಿರದ ಒಂದು ಎಳೆಯ ದನಿಯಲ್ಲಿ, ಸ್ಪಷ್ಟವಾಗಿ ಅಂದುಬಿಟ್ಟಳು:

"ಬಂದೆ, ಪ್ರಭೂ!"

ಆಮೇಲೆ ಅಲುಗಾಡಲಿಲ್ಲ. ಕಣ್ಣು ಮುಚ್ಚಿತ್ತು. ಗದ್ದ ಪೆಟ್ಟಿಗೆಯ ಮೇಲೆ, ಕೈ ಮಡಿಲಲ್ಲಿ. ಕರೆದ, ಓ ಅಂದಳು, ಹೋದಳು. ಹಂಪವ್ವ ಹೇಳಿದ ಹಾಗೆಯೇ.

"ಅಜ್ಜಿ ಸತ್ತಳೋ!" ಎಂದು ಕಿರುಚಿದೆ. ಗಂಟು ಹಾಕಿದ ಸೆರಗನ್ನು ಹಿಡಿದು ಎಳೆದೆ. ಅವ್ವನ ಕೈಯಿಂದ ಕುಂಕುಮದ ಬಟ್ಟಲು ಬಿತ್ತು.

ಅಜ್ಜಿ ಒಂದು ಕಣ್ಣು ಮಾತ್ರ ತೆರೆದಳು.

"ಸುಮ್ನಿರಲೇ ಕೂಸ. ಮುಂದಿನ ಮಾತು ತಪ್ಪತೈತಿ."

ಮುಂದಿನ ಮಾತು ಬಂತು: "ಬಂದೆಯಾ? ಕುಳಿತುಕೋ." ಅಬ್ಬರದ ದನಿಯಲ್ಲ ಅದು. ಹೊರಗಿನಿಂದ ದಣಿದು ಬಂದ ಗಂಡಸು ಚಪ್ಪಲಿ ಬಿಡುತ್ತಾ ಆಡುವ ಮಾತಿನ ಹಾಗಿತ್ತು. ಅಜ್ಜಿಯ ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿದು ಪೆಟ್ಟಿಗೆಯ ವಾರ್ನಿಷಿನ ಮೇಲೆ ನಿಂತಿತು.

ಕೊನೆಗೆ ಅವಳೇ ಹೇಳಿದಳು. ಮದ್ರಾಸಿಗೆ ಹೋದ ದಿನ ರಾಣಿಯ ಪಾತ್ರದವಳಿಗೆ ಜ್ವರ; ಆಕೆ ಹೋಗಲೇ ಇಲ್ಲ. ಆಕೆಯ ಮಾತಿನ ಜಾಗ ಹಾರ್ಮೋನಿಯಂನವನು ತುಂಬಿಸಿದ. ಇತ್ತ ಮನೆಯಲ್ಲಿ ಅಜ್ಜ ಮಾತು ಬಾಯಿಪಾಠ ಮಾಡುವಾಗಲೆಲ್ಲ ಅಜ್ಜಿ ಒಲೆಯ ಮುಂದಿನಿಂದ ರಾಣಿಯಾಗಿ ಓಗೊಡುತ್ತಿದ್ದವಳು. "ರೊಟ್ಟಿ ಸುಡ್ತಾ ಸುಡ್ತಾ ಎಷ್ಟು ಸಲ ಬಂದೆ ಪ್ರಭೂ ಅಂದೀನೋ. ಎದ್ದು ಒಮ್ಮಿನೂ ಹೋಗಿಲ್ಲ," ಎಂದು ನಕ್ಕಳು. ಆಮೇಲೆ ನನ್ನ ಲಾಡಿಯ ಗಂಟು ಕಂಡು, ನಗು ನಿಲ್ಲಿಸಿ, ನನ್ನನ್ನು ಮಡಿಲಿಗೆ ಎಳೆದುಕೊಂಡಳು. ಗಂಟು ಬಿಚ್ಚಲು ಬಾರದೆ ಅವ್ವ ಕತ್ತರಿ ತರಬೇಕಾಯಿತು.

ಅಲ್ಲಿಂದ ವರ್ಷಕ್ಕೊಮ್ಮೆ, ಲಾರಿ ನಿಂತ ಆ ದಿನ, ಅಜ್ಜನನ್ನು ಹಚ್ಚುವುದು ನಮ್ಮ ಮನೆಯ ಪದ್ಧತಿಯಾಯಿತು. ಅಜ್ಜಿಯ ಎಡಗಿವಿಯೂ ಮುಚ್ಚಿತು. ಆದರೂ ಗದ್ದ ಒತ್ತಿ ಕೂರುತ್ತಿದ್ದಳು. ಮರದಿಂದ ಮೂಳೆಗೆ ದಾಟಿದ್ದು ಎಷ್ಟೋ ಅಷ್ಟರಲ್ಲೇ ಜಾಗ ಹಿಡಿದು, ತಪ್ಪದೆ "ಬಂದೆ, ಪ್ರಭೂ" ಅನ್ನುತ್ತಿದ್ದಳು. ಪ್ರತಿ ಸಲವೂ ನನ್ನ ಕೈ ಅವಳ ಸೆರಗಿನ ಮೇಲೆ ಇರುತ್ತಿತ್ತು. ನಾನು ಕಾಲೇಜಿಗೆ ಹೋಗುವ ವಯಸ್ಸಿನಲ್ಲೂ.

ಈಗ ಲಾರಿಗಳು ಬೈಪಾಸ್ ಹಿಡಿದಿವೆ. ಲೋಟಗಳು ವರ್ಷವಿಡೀ ಸುಮ್ಮನಿರುತ್ತವೆ. ಬೇಕೆಂದ ದಿನ ಅಜ್ಜನನ್ನು ಹಚ್ಚಬಹುದು. ಅದಕ್ಕೇ ಇರಬೇಕು, ಯಾರೂ ಹಚ್ಚುವುದಿಲ್ಲ. ಅಜ್ಜಿ ಹೋಗಿ ವರ್ಷಗಳಾದವು, ಯಾರೂ ಕರೆಯದ ಒಂದು ಸಾಧಾರಣ ಮಧ್ಯಾಹ್ನ, ಊಟ ಮಾಡಿ ಮಲಗಿದವಳು ಏಳಲಿಲ್ಲ. ಹೋದ ತಿಂಗಳು ಕಾಕಾನ ಮಗ ರೆಕಾರ್ಡನ್ನು ಮೊಬೈಲಿಗೆ ಇಳಿಸಿ ನನಗೆ ಕಳಿಸಿದ. ಚರಚರ ಸದ್ದೆಲ್ಲ ತೆಗೆದಿದ್ದಾನೆ. ಅಜ್ಜನ ದನಿ ನಿನ್ನೆ ಆಡಿದ ಹಾಗಿದೆ. ಆದರೆ ಕರೆದ ಕೂಡಲೇ "ಬಂದೆಯಾ?" ಎನ್ನುತ್ತಾನೆ, ಉಸಿರು ಕೂಡ ತೆಗೆದುಕೊಳ್ಳದೆ.

"ನಡುವಿನ ಜಾಗ ಏನಾತೋ?" ಎಂದು ಫೋನಿನಲ್ಲಿ ಕೇಳಿದೆ.

"ಕಟ್ ಮಾಡೀನಕ್ಕ. ಅಲ್ಲಿ ಮಾತೇನೂ ಇದ್ದಿದ್ದಿಲ್ಲ."

ಅವನ ತಪ್ಪೇನಿದೆ? ಅಲ್ಲಿ ಇದ್ದದ್ದನ್ನು ಯಾವ ತಟ್ಟೆಯೂ ಹಿಡಿದಿರಲಿಲ್ಲ. ಅಜ್ಜನ ಅರ್ಧ ಮಾತಿಗೆ ವಿಭೂತಿ ಹಚ್ಚಿ ಕಾಪಾಡಿದ ನಾವು, ಉಳಿದರ್ಧ ನಮ್ಮ ಮಗ್ಗುಲಲ್ಲೇ ಕೂತಿದ್ದಾಗ ಸುಮ್ಮನೆ ಕೇಳಿಸಿಕೊಂಡು ಎದ್ದುಬಂದೆವು.

ಈ ದಸರೆಗೆ ಊರಿಗೆ ಹೋದಾಗ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. 'ನಾಳೆ ಬಾ' ಹಾಗೆಯೇ ಇದೆ. ಪಟ್ಟಿ ಜೋತುಬಿದ್ದಿತ್ತು, ಕಾಕಾ ಹೊಸ ಟ್ಯೂಬು ಕತ್ತರಿಸಿ ಹಾಕಿಕೊಟ್ಟ. ಸೂಜಿ ಇಳಿಸಿ, ಗದ್ದವನ್ನು ಅಂಚಿಗೆ ಒತ್ತಿಟ್ಟು ಕಣ್ಣು ಮುಚ್ಚಿದೆ. ಕಡಲೆ ಹುರಿಯುವ ಸದ್ದು ಬಂತು. ಅಜ್ಜ ಕರೆದ. ಹಾರ್ಮೋನಿಯಂ ಎಳೆಯಿತು. ಇಷ್ಟು ವಯಸ್ಸಾದರೂ ನನ್ನ ತುಟಿ ಬಿಗಿದುಕೊಂಡಿತು. ಕೈ ತನ್ನಷ್ಟಕ್ಕೆ ಪಕ್ಕದಲ್ಲಿ ಸೆರಗು ಹುಡುಕಿತು. ನಾನು ಓ ಅನ್ನಲಿಲ್ಲ. ಆ ಜಾಗ ನನ್ನದಲ್ಲ.

ಆ ಖಾಲಿ ಸಂದಿ ತನ್ನ ಪಾಡಿಗೆ ತಿರುಗಿತು. ಅವನಿಗೆ ಮಾತ್ರ ಏನೋ ಕೇಳಿಸಿರಬೇಕು.

"ಬಂದೆಯಾ?" ಎಂದ ಅಜ್ಜ. "ಕುಳಿತುಕೋ."